ಡಿಸ್ಕ್ ‘ತಗೊಳ್ತಾ ಇಲ್ಲ’ – ಬಿಡಿಸಿ ಹೇಳುವ ಮಾತುಗಳು ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಶಿರಸಿ ಕಡೆ ಹಾರ್ಡ್ ಡಿಸ್ಕ್‌ಗೆ ಏನೇ ಆದರೂ ಒಂದೇ ಮಾತು: ‘ತಗೊಳ್ತಾ ಇಲ್ಲ’. ಇದರೊಳಗೆ ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಅವನ್ನು ಬಿಡಿಸಿ ಹೇಳುವ ಮಾತುಗಳು ನಿಮ್ಮಲ್ಲಿ ಬಳಕೆಯಲ್ಲಿವೆಯೇ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಕುಮಟಾದಲ್ಲಿ ಆದ ಯಕ್ಷಗಾನದ ವಿಡಿಯೋ ಇದ್ದ ಡಿಸ್ಕ್ ಒಂದು ಪಕ್ಕದ ಮನೆಗೆ ಬಂತು. ವಿಡಿಯೋ ತೆಗೆದವರದ್ದು ಮ್ಯಾಕ್, ಇವರದ್ದು ವಿಂಡೋಸ್. ಚುಚ್ಚಿದ ಕೂಡಲೇ ಫಾರ್ಮ್ಯಾಟ್ ಮಾಡಬೇಕೆಂದು, ಅಂದರೆ ಒಳಗಿದ್ದದ್ದೆಲ್ಲ ಅಳಿಸಿ ಹೊಸದಾಗಿ ಸಿದ್ಧ ಮಾಡಬೇಕೆಂದು, ತೆರೆ ಮೇಲೆ ಬಂತು. ‘ರಿಪೇರಿ ಕೇಳ್ತಾ ಇದೆ ಮಾರಾಯ್ರೆ, ಒತ್ತಲಾ?’ ಅಂದರು. ಬಾಣ ಆಗಲೇ ಬಟನ್ ಮೇಲಿತ್ತು. ಬೇಡ ಅಂತ ತಡೆದೆ. ಡಿಸ್ಕ್ ಹಾಳಾಗಿರಲೇ ಇಲ್ಲ. ಡಿಸ್ಕ್ ಮೇಲೆ ಫೈಲ್‌ಗಳನ್ನು ಬರೆದಿಡುವ ಕ್ರಮಕ್ಕೆ ಫೈಲ್ ಸಿಸ್ಟಮ್ ಅಂತಾರೆ. ಮ್ಯಾಕ್ ತನ್ನ ಕ್ರಮದಲ್ಲಿ ಬರೆದಿಟ್ಟದ್ದು ವಿಂಡೋಸ್‌ಗೆ ತಾನಾಗಿ ಓದಲು ಬರುವುದಿಲ್ಲ, ಅಷ್ಟೇ. ಒತ್ತಿದ್ದರೆ ಇಡೀ ರಾತ್ರಿಯ ಆಟ ಕೈ ಬಿಟ್ಟು ಹೋಗುತ್ತಿತ್ತು.

ಇದಕ್ಕೆ ನಾನು ‘ಓದಲು ಬರ್ತಿಲ್ಲ’ ಅನ್ನುತ್ತೇನೆ. ಡಿಸ್ಕ್ ಕಾಣಿಸಲೇ ಇಲ್ಲ ಅಂದರೆ ‘ಗುರುತು ಹಿಡೀತಿಲ್ಲ’. ಅಲ್ಲಿ ಕೇಬಲ್ ಕೆಟ್ಟಿರಲೂಬಹುದು.

ಎನ್‌ಟಿಎಫ್‌ಎಸ್ ಅನ್ನುವ ವಿಂಡೋಸ್‌ನ ಕ್ರಮದಲ್ಲಿರುವ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ ಓದುತ್ತದೆ, ಬರೆಯಲು ಬಿಡುವುದಿಲ್ಲ. ಜನ ಅದಕ್ಕೂ ‘ತಗೊಳ್ತಾ ಇಲ್ಲ’ ಅಂತಾರೆ. ಇನ್ನು ಡಿಸ್ಕ್‌ನಲ್ಲಿ ಫ್ಯಾಟ್32 ಅನ್ನುವ ಹಳೇ ಕ್ರಮ ಇದ್ದರೆ ಜಾಗ ಬೇಕಾದಷ್ಟು ಇದ್ದರೂ 4 ಜಿಬಿ ಮುಟ್ಟಿದ ಫೈಲ್ ಒಳಗೆ ಹೋಗುವುದಿಲ್ಲ. ಇದನ್ನು ‘ಜಾಗ ಇಲ್ಲ’ ಅಂದುಬಿಟ್ಟರೆ ಪಾಪ, ಜನ ಹಳೇ ಫೋಟೋ ಅಳಿಸಲು ಕೂರುತ್ತಾರೆ. ‘ದೊಡ್ಡ ಫೈಲ್ ಹಿಡಿಸಲ್ಲ’ ಅಂದರೆ ಸರಿಯಾಗುತ್ತದೆ ಅಲ್ವಾ?

ಮ್ಯಾಕ್, ವಿಂಡೋಸ್ ಎರಡೂ ಕಡೆ ಓದಿ ಬರೆಯಲು ಎಕ್ಸ್‌ಫ್ಯಾಟ್ ಅನ್ನುವ ಕ್ರಮ ಇದೆ. 2006ರಲ್ಲಿ ಮೈಕ್ರೋಸಾಫ್ಟ್ ತಂದದ್ದು. 2019ರಲ್ಲಿ ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲೂ (ಕರ್ನಲ್ 5.4) ಸೇರಿತು. ಆದರೆ ಸುಮ್ನೆ ಎಳೆದು ತೆಗೆದರೆ ಎನ್‌ಟಿಎಫ್‌ಎಸ್‌ಗಿಂತ ಇದರಲ್ಲಿ ಫೈಲ್ ಕೆಡುವ ಅಪಾಯ ಜಾಸ್ತಿ. ಅದಕ್ಕೇ ಮೊದಲು ತೆರೆ ಮೇಲೆ ‘ಇಜೆಕ್ಟ್’ ಒತ್ತಿ ಆಮೇಲೆ ಎಳೆಯಲು ‘ಬಿಡಿಸಿ ತೆಗೀರಿ’ ಅನ್ನುತ್ತೇನೆ. ಈ ಮಾತು ಜನರಿಗೆ ಬೇಗ ಹತ್ತಿದೆ.

ಫೈಲ್ ಸಿಸ್ಟಮ್‌ಗೆ ಹೊಸ ಪದ ಬೇಡ ಅಂತ ನನ್ನ ಅಭಿಪ್ರಾಯ. ‘ಕಡತ ವ್ಯವಸ್ಥೆ’ ಅಂದರೆ ತಾಲೂಕು ಕಚೇರಿಯ ಕಟ್ಟುಗಳೇ ಕಣ್ಣ ಮುಂದೆ ಬರುತ್ತವೆ. ಅವಸರ ಇರುವುದು ಫಾರ್ಮ್ಯಾಟ್‌ಗೆ. ‘ಹಸನು ಮಾಡು’ ಕೇಳಲು ಚೆಂದ, ಆದರೆ ಒಳಗಿದ್ದದ್ದು ಹೋಗುತ್ತದೆ ಅನ್ನುವ ಎಚ್ಚರಿಕೆ ಅದರಲ್ಲಿಲ್ಲ. ‘ಅಳಿಸಿ ಅಣಿಮಾಡು’ ಅಂದರೆ ಎರಡೂ ಬರುತ್ತದೆ. ಬಾಯಿಗೆ ಸ್ವಲ್ಪ ಉದ್ದವಾಯಿತೇನೋ.

ಕಾರವಾರ, ಅಂಕೋಲಾ ಕಡೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಇದಕ್ಕೆ ಏನಂತಾರೆ? ಕೊಂಕಣಿಯಿಂದ ಬಂದ ಮಾತಾದರೂ ಸರಿ, ಬಳಕೆಯಲ್ಲಿರುವುದನ್ನು ತಿಳಿಸಿ.