ಬಳ್ಳಾರಿಯಿಂದ ಯೊಕ್‌ಮೊಕ್‌ನ ಸಾಮಿ ಸಂತೆಗೆ: ಏನೇನು ತಯಾರಿ ಬೇಕು?

ಕೋಟೆಕೆಳಗಿನವ (ಬಳ್ಳಾರಿ):
ಸ್ವೀಡನ್ನಿನ ಉತ್ತರದ ಯೊಕ್‌ಮೊಕ್‌ನಲ್ಲಿ, ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ಫೆಬ್ರವರಿಯ ಚಳಿಗಾಲದ ಸಂತೆ ನೋಡಬೇಕೆಂದಿದ್ದೇವೆ. ಇಬ್ಬರು, ಒಬ್ಬರು ಶುದ್ಧ ಸಸ್ಯಾಹಾರಿ. ವೀಸಾ, ದಾರಿ, ಬಟ್ಟೆ, ಊಟ ಇವಿಷ್ಟರ ಬಗ್ಗೆ ಖಚಿತವಾಗಿ ಗೊತ್ತಿರುವವರು ತಿಳಿಸಿ. ಬಳ್ಳಾರಿ ಬಿಸಿಲಲ್ಲಿ ಬೆಳೆದ ಮೈಗೆ ಆ ಚಳಿ ತಡೆಯುತ್ತಾ?

ತುಂಗಭದ್ರೆ ದಂಡೆ (ಕೊಪ್ಪಳ):
ಸಂತೆ ಫೆಬ್ರವರಿಯ ಮೊದಲ ಗುರುವಾರದಿಂದ ಶನಿವಾರದವರೆಗೆ. 1605ರಿಂದ ನಡೆದು ಬಂದಿದೆ. 2027ರಲ್ಲಿ 4, 5, 6ನೇ ತಾರೀಕು ಬರುತ್ತೆ. 6 ಸಾಮಿ ರಾಷ್ಟ್ರೀಯ ದಿನವೂ ಹೌದು.

ಮೊದಲು ರೂಮು ನೋಡಿ. ಊರಲ್ಲಿ ಇರುವುದೇ ಮೂರು ಸಾವಿರದಷ್ಟು ಜನ, ಸಂತೆಗೆ ಬರುವವರು ಹತ್ತಾರು ಸಾವಿರ. ಹಾಗಾಗಿ ರೂಮು ವರ್ಷದ ಮುಂಚೆಯೇ ತುಂಬಿಹೋಗುತ್ತವೆ. ಆದರೆ ಷೆಂಗೆನ್ ವೀಸಾ (ಸ್ವೀಡನ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ತಗೊಳ್ಳಲ್ಲ. ಬಹಳ ಜನ ಎಡವುವುದು ಇಲ್ಲೇ. ದುಡ್ಡು ವಾಪಸ್ ಬರುವ ಬುಕಿಂಗ್ ಮಾತ್ರ ಮಾಡಿ. ಬೆರಳಚ್ಚು ಕೊಡಲು ಬೆಂಗಳೂರಿಗೆ ಖುದ್ದಾಗಿ ಹೋಗಬೇಕು. ವಿಮೆ ಕನಿಷ್ಠ 30,000 ಯೂರೋ, ವೀಸಾ ಶುಲ್ಕ 90 ಯೂರೋ.

ಸ್ಟಾಕ್‌ಹೋಮ್‌ನಿಂದ ಲುಲಿಯೊಗೆ ವಿಮಾನ, ಅಲ್ಲಿಂದ ಸುಮಾರು 170 ಕಿ.ಮೀ. ಬಸ್ಸು. ಇಲ್ಲವೇ ನಾರ್ವೆಯ ನಾರ್ವಿಕ್ ಕಡೆಗೆ ಹೋಗುವ ರಾತ್ರಿ ರೈಲಿನಲ್ಲಿ ಬಂದು ಮುರ್ಯೆಕ್ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಿರಿ. ನಕ್ಷೆಯಲ್ಲಿ ಯೊಕ್‌ಮೊಕ್ ಊರೊಳಗೇ ರೈಲು ನಿಲ್ದಾಣ ಕಾಣುತ್ತೆ, ಅದನ್ನು ನಂಬಿಕೊಂಡು ಯೋಜನೆ ಹಾಕಬೇಡಿ: ಅಲ್ಲಿಗೆ ಬರುವುದು ಪ್ರವಾಸಿ ರೈಲು, ಅದೂ ಬೇಸಿಗೆಯಲ್ಲಿ.

ಬಿಸಿಲೂರು (ರಾಯಚೂರು):
ಚಳಿ ತಡೆಯುತ್ತೆ, ಬಟ್ಟೆ ಸರಿ ಇದ್ದರೆ. ಮೈನಸ್ 30 ಅಲ್ಲಿ ಅಪರೂಪವಲ್ಲ. ಬಳ್ಳಾರಿ ಜೀನ್ಸ್ ಮನೆಯಲ್ಲೇ ಬಿಡಿ. ಹತ್ತಿ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತೆ, ನಿಂತ ಕೂಡಲೇ ಮೈ ಕೊರೆಯುತ್ತೆ. ಒಳಗೆ ಮೆರಿನೊ ಉಣ್ಣೆ, ನಡುವೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿ ಬೂಟಿಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಓಡಾಡಲ್ಲ, ಬೆರಳು ಮೊದಲು ಮರಗಟ್ಟುತ್ತೆ. ಐದು ಬೆರಳಿನ ಗ್ಲೌಸಿಗಿಂತ ಎಲ್ಲ ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಫೋನು ಒಳಜೇಬಿನಲ್ಲಿರಲಿ. ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಆಮೇಲೆ ಒಳಗೆ ತನ್ನಿ, ಇಲ್ಲದಿದ್ದರೆ ಲೆನ್ಸ್ ಮೇಲೆಲ್ಲ ನೀರು ಕೂಡುತ್ತೆ.

ಸಂತೆಯ ಊಟದಲ್ಲಿ ಹಿಮಸಾರಂಗದ ಮಾಂಸವೇ ಹೆಚ್ಚು. ಉಪ್ಪು ಹಚ್ಚಿ ಹೊಗೆಯಾಡಿಸಿದ ಸುವಸ್ ಪ್ರಸಿದ್ಧ. ಸಸ್ಯಾಹಾರಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ತುಪ್ಪ, ಪೇಡಾ, ಖೋವಾ ಬೇಡವೇ ಬೇಡ: ಹಾಲಿನ ಪದಾರ್ಥ, ಮಾಂಸ ಎರಡನ್ನೂ ಐರೋಪ್ಯ ಒಕ್ಕೂಟದೊಳಗೆ ಒಯ್ಯಲು ಬಿಡಲ್ಲ.

ಕೋಟೆಕೆಳಗಿನವ (ಬಳ್ಳಾರಿ):
ತುಂಬಾ ಉಪಕಾರ. ಅಲ್ಲಿ ಏನು ನೋಡಬೇಕು, ಏನು ಕೊಳ್ಳಬೇಕು? ಹೇಗೆ ನಡೆದುಕೊಳ್ಳಬೇಕು?

ತುಂಗಭದ್ರೆ ದಂಡೆ (ಕೊಪ್ಪಳ):
ಸಂತೆಗೆ ಎರಡು ದಿನ ಮುಂಚೆ ತಲುಪಿ, ಮೊದಲು ಆಯ್ತೆ ಮ್ಯೂಸಿಯಂ ನೋಡಿ. ಆಯ್ತೆ ಅಂದರೆ ಉಗ್ರಾಣ. ಅದನ್ನು ನೋಡಿದ ಮೇಲೆ ಸಂತೆಯಲ್ಲಿ ಯಾವುದು ಅಲ್ಲಿಯ ಕೈಕೆಲಸ, ಯಾವುದು ಹೊರಗಿನ ಅಗ್ಗದ ಸರಕು ಎಂದು ಕಣ್ಣಿಗೇ ಗೊತ್ತಾಗುತ್ತೆ. ಹಳೇ ಮರದ ಚರ್ಚಿನ ಆವರಣ ಗೋಡೆಯನ್ನೂ ನೋಡಿ: ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದ ಕಾಲದಲ್ಲಿ ಶವಗಳನ್ನು ಆ ಗೋಡೆಯೊಳಗೆ ವಸಂತದವರೆಗೆ ಇಡುತ್ತಿದ್ದರು. ಚರ್ಚು 1972ರಲ್ಲಿ ಸುಟ್ಟು, ಮತ್ತೆ ಕಟ್ಟಿದ್ದು. ಬೆಳಕು ಸುಮಾರು ಎಂಟೂವರೆಯಿಂದ ಮೂರೂಕಾಲರವರೆಗಷ್ಟೇ, ಫೋಟೋ ಕೆಲಸ ಅಷ್ಟರಲ್ಲಿ ಮುಗಿಸಿ.

ನಮ್ಮ ಕಿನ್ನಾಳ ಗೊಂಬೆಗೆ ಭೌಗೋಳಿಕ ಗುರುತು ಇರುವಂತೆ ಅವರ ಕೈಕೆಲಸಕ್ಕೆ 'ಸಾಮಿ ದುವೊಜಿ' ಮುದ್ರೆ ಇದೆ. ಅದನ್ನು ನೋಡಿಯೇ ಕೊಳ್ಳಿ, ಚೌಕಾಸಿ ಬೇಡ. ಬರ್ಚ್ ಮರದ ಗಂಟನ್ನು ಕೊರೆದು ಮಾಡಿದ ಬಟ್ಟಲು ಕೊಂಡರೆ ಸೋಪು ಹಚ್ಚಬೇಡಿ, ಬಿಸಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತೆ, ಅದೂ ನಮ್ಮ ಊರಿನ ಬಿಸಿಲು! ಚಾಕು ಚೆಕ್-ಇನ್ ಬ್ಯಾಗಿನಲ್ಲೇ ಇರಲಿ.

'ಲ್ಯಾಪ್' ಎನ್ನಬೇಡಿ, ಅದು ಹೀನಾಯದ ಮಾತು, ಸಾಮಿ ಎನ್ನಿ. ನಿಮ್ಮಲ್ಲಿ ಎಷ್ಟು ಹಿಮಸಾರಂಗ ಇವೆ ಎಂದು ಕೇಳುವುದು ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಹಾಗೆ. ಅವರ ಉಡುಪು ವೇಷವಲ್ಲ, ಯಾವ ಸೀಮೆಯವರು, ಯಾವ ಮನೆತನದವರು ಎಂದು ಹೇಳುವಂಥದ್ದು. ಫೋಟೋ ತೆಗೆಯುವ ಮುಂಚೆ ಕೇಳಿ.

ಬಿಸಿಲೂರು (ರಾಯಚೂರು):
ಒಂದು ಬಿಟ್ಟುಹೋಯ್ತು. ಅಲ್ಲಿ ಸಣ್ಣ ವ್ಯಾಪಾರಿಗಳೂ 'ಸ್ವಿಶ್' ಆ್ಯಪ್‌ನಲ್ಲೇ ದುಡ್ಡು ತಗೊಳ್ಳುವುದು ಹೆಚ್ಚು. ಸ್ವೀಡಿಷ್ ಬ್ಯಾಂಕ್ ಖಾತೆ ಇಲ್ಲದೆ ಅದು ನಮಗೆ ನಡೆಯಲ್ಲ. ಎರಡು ಕಾರ್ಡು, ಜೊತೆಗೆ ಒಂದಿಷ್ಟು ಕ್ರೋನಾ ನಗದು ಇಟ್ಟುಕೊಳ್ಳಿ.