‘ಕರೆಂಟ್ ಇಲ್ಲ’ ಅಂದರೆ ಏನಿಲ್ಲ?

ಗೆಳೆಯರೆ, ನಮಸ್ಕಾರ.

ಒಂದು ಪದದ ತಕರಾರು ತಂದಿದ್ದೇನೆ. ಪದ ಎಲ್ಲರಿಗೂ ಗೊತ್ತಿರುವುದೇ: ಕರೆಂಟ್. ಈ ಒಂದೇ ಪದದೊಳಗೆ ಎರಡು ಮೂರು ಅರ್ಥ ಕೂತಿವೆ. ಅವನ್ನು ಬಿಡಿಸಿ ಹೇಳಬೇಕಾದಾಗ ನಿಮ್ಮ ಕಡೆ ಏನನ್ನುತ್ತಾರೆ ಅಂತ ಕೇಳಬೇಕಿತ್ತು.

ನನ್ನ ಊರು ತುಮಕೂರಿನ ಕಡೆ. ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಏಳು ಮಹಡಿಯ ಹಳೇ ಕಟ್ಟಡವೊಂದರ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡುವುದೇ ಇಲ್ಲಿ ದೊಡ್ಡ ಕೆಲಸ. ಅಮ್ಮನಿಗೆ ಫೋನಿನಲ್ಲಿ ಹೀಗೆ ಹೇಳಿದ್ದೆ: ನೆಲಮಾಳಿಗೆಯಲ್ಲಿ ಬಚ್ಚಲುಮನೆ ಹಂಡೆಯಂಥದ್ದು ಒಂದಿದೆ, ಗ್ಯಾಸಿನಲ್ಲಿ ಕಾಯುತ್ತದೆ. ಅದರ ನೀರನ್ನು ಪಂಪು ಏಳು ಮಹಡಿಗೂ ಸುತ್ತಿಸುತ್ತದೆ. ಸುಮಾರು 80 ಡಿಗ್ರಿಯಲ್ಲಿ ಹೊರಟ ನೀರು ಕೋಣೆಕೋಣೆಯ ರೇಡಿಯೇಟರಿಗೆ ಶಾಖ ಕೊಟ್ಟು, 70ರ ಹತ್ತಿರ ಇಳಿದು ವಾಪಸ್ ಬರುತ್ತದೆ. ‘ಆ ನೀರು ಸ್ನಾನಕ್ಕೆ ಬರಲ್ವಾ?’ ಅಂದರು ಅಮ್ಮ. ಬರಲ್ಲ, ಅದೇ ನೀರು ಸುತ್ತುತ್ತಲೇ ಇರುತ್ತದೆ. ಪಂಪು ನಿಂತರೆ ಹಂಡೆ ಎಷ್ಟು ಕಾದರೂ ಮೇಲಿನವರು ನಡುಗುತ್ತಾರೆ.

ಹೋದ ಚಳಿಗಾಲದಲ್ಲಿ ಒಂದು ಪಂಪು ಕೈಕೊಟ್ಟಿತು. 2.2 ಕಿಲೋವ್ಯಾಟಿನ ತ್ರೀ ಫೇಸ್ ಮೋಟರು, ಅಂದರೆ ಮೂರು ವೈರಿನಿಂದ ವಿದ್ಯುತ್ ಎಳೆಯುವಂಥದ್ದು. ಚಾಲೂ ಮಾಡಿದರೆ ಹತ್ತು ನಿಮಿಷ ಓಡಿ ಓವರ್‌ಲೋಡ್ ರಿಲೇ (ಮೋಟರು ಅತಿಯಾಗಿ ಎಳೆದರೆ ಅದನ್ನು ನಿಲ್ಲಿಸುವ ಸಾಧನ) ಟ್ರಿಪ್. ಬಟನ್ ಒತ್ತಿದರೆ ಮತ್ತೆ ಹತ್ತು ನಿಮಿಷ, ಮತ್ತೆ ಟ್ರಿಪ್. ಪುಣ್ಯಕ್ಕೆ ಪಕ್ಕದಲ್ಲೇ ಇನ್ನೊಂದು ಪಂಪು ಇತ್ತು.

ನನ್ನ ಜೊತೆ ಗದಗದ ಕಡೆಯ ಹುಡುಗನೊಬ್ಬ ಕೆಲಸ ಮಾಡುತ್ತಾನೆ. ಐಟಿಐ ಓದಿದವನು, ಕೈ ಚುರುಕು. ಅವನನ್ನು ಮೀಟರ್ ಕೊಟ್ಟು ಕೆಳಗೆ ಕಳಿಸಿ, ನಾನು ಮೇಲಿನಿಂದ ಫೋನಿನಲ್ಲಿ ಕೇಳಿದೆ: ‘ಕರೆಂಟ್ ಹೆಂಗಿದೆ?’

‘ಮೂರೂ ಫೇಸಿಗೂ ಸಮ ಐತ್ರಿ ಸರ.’

ಸರಿ, ಮೋಟರ್ ಮೂರೂ ಫೇಸಿನಿಂದ ಸಮವಾಗಿ ಎಳೆಯುತ್ತಿದೆ ಅಂದುಕೊಂಡೆ. ಹಾಗಾದರೆ ವೈರಿನ ಕಡೆ ತೊಂದರೆ ಇಲ್ಲ, ಬೇರಿಂಗೋ, ನೀರು ತಳ್ಳುವ ಚಕ್ರ ಇಂಪೆಲ್ಲರೋ ಬಿಗಿದುಕೊಂಡಿರಬೇಕು. ವಾಲ್ವ್ ಮುಚ್ಚಿ, ನೀರು ಇಳಿಸಿ, ಪಂಪ್ ಬಿಚ್ಚಿದೆವು. ಅರ್ಧ ದಿನ ಹೋಯಿತು. ಕೈಯಲ್ಲಿ ತಿರುಗಿಸಿದರೆ ಬೆಣ್ಣೆ ಹಾಗೆ ತಿರುಗಿತು!

ಹುಡುಗ ನೋಡಿದ್ದು ಬೇರೆಯೇ. ಪಂಪಿನ ಪಕ್ಕದ ಐಸೊಲೇಟರ್ ಸ್ವಿಚ್ಚನ್ನು ಆಫ್ ಮಾಡಿ, ಅದಕ್ಕೆ ಬರುವ ಲೈನಿನಲ್ಲಿ ವೋಲ್ಟೇಜ್ ಅಳೆದಿದ್ದ. ಮೂರು ಜೋಡಿಯಲ್ಲೂ 400 ವೋಲ್ಟ್. ಅವನ ಮಟ್ಟಿಗೆ ಅದೇ ಕರೆಂಟ್. ನಾನು ಕೇಳಿದ್ದು, ವೈರಿನ ಸುತ್ತ ಇಕ್ಕಳದಂತೆ ಹಿಡಿಸುವ ಟಾಂಗ್ ಟೆಸ್ಟರ್ ತೋರಿಸುವ ಆಂಪಿಯರ್, ಅಂದರೆ ಹರಿವು. ತಪ್ಪು ಅವನದಲ್ಲ. ‘ಕರೆಂಟ್ ಬಂತು’, ‘ಕರೆಂಟ್ ಹೋಯ್ತು’ ಅಂತ ಹುಟ್ಟಿದಾಗಿನಿಂದ ಹೇಳಿಕೊಂಡು ಬಂದವರಲ್ವಾ ನಾವು?

ಮತ್ತೆ ಜೋಡಿಸಿ, ಓಡಿಸಿ, ಟಾಂಗ್ ಟೆಸ್ಟರ್ ಹಾಕಿ ಕಾದೆವು. ಮೊದಲು ಮೂರರಲ್ಲೂ ನಾಲ್ಕೂವರೆ ಆಂಪ್ಸ್. ಎಂಟೊಂಬತ್ತು ನಿಮಿಷಕ್ಕೆ ಒಂದರಲ್ಲಿ ಸೊನ್ನೆ, ಉಳಿದೆರಡು ಎಂಟಕ್ಕೆ ಏರಿದವು. ಸ್ವಲ್ಪ ಹೊತ್ತಿಗೆ ಟ್ರಿಪ್. ಪ್ಯಾನೆಲ್ ತೆರೆದರೆ, ಮೋಟರನ್ನು ಆನ್-ಆಫ್ ಮಾಡುವ ಕಾಂಟ್ಯಾಕ್ಟರಿನ ಕೆಳಗಿನ ಒಂದು ಸ್ಕ್ರೂ ಸಡಿಲ. ಕಿರುಬೆರಳ ಉಗುರಿನಷ್ಟು ಜಾಗ ಕರ್ರಗೆ ಸುಟ್ಟು, ವೈರಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಬಿಸಿಯಾದಾಗ ಬಿಟ್ಟುಕೊಳ್ಳುತ್ತಿತ್ತು. ವೋಲ್ಟ್ ಅಳೆಯುವ ಮೀಟರ್ ಎಳೆಯುವ ಆಂಪ್ಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಸುಮ್ನೆ ತಾಕಿಕೊಂಡಿರುವ ವೈರಿನಲ್ಲೂ ಅದು 400 ತೋರಿಸುತ್ತದೆ. ನೀರಿನ ವಿಷಯದಲ್ಲಿ ಈ ಗೊಂದಲ ನಮಗೆ ಆಗುವುದೇ ಇಲ್ಲ. ‘ಪ್ರೆಷರ್ ಇದೆ, ನೀರು ಬರ್ತಿಲ್ಲ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ವಿದ್ಯುತ್ತಿನಲ್ಲಿ ಒತ್ತಡಕ್ಕೂ ಹರಿವಿಗೂ ಒಂದೇ ಹೆಸರಿಟ್ಟುಕೊಂಡಿದ್ದೇವೆ.

ಅರ್ಧ ದಿನ ಹೋದರೆ ಹೋಗಲಿ. ನನಗೆ ಹೆದರಿಕೆ ಇರುವುದು ‘ಕರೆಂಟ್ ಇಲ್ಲ’ ಅನ್ನುವ ಮಾತಿನದು. ಪಂಪು ನಿಂತಿದೆ, ಟಾಂಗ್ ಟೆಸ್ಟರ್ ಸೊನ್ನೆ ತೋರಿಸುತ್ತಿದೆ. ಅದನ್ನು ನೋಡಿದವನು ‘ಕರೆಂಟ್ ಇಲ್ಲ’ ಅಂದರೆ ಅದು ನಿಜವೇ. ಆದರೆ ವೈರಿನ ತುದಿಯಲ್ಲಿ 400 ವೋಲ್ಟ್ ಕಾದು ಕೂತಿರಬಹುದು. ಕೇಳಿದವನು ಇನ್ನೊಂದು ಅರ್ಥ ಹಿಡಿದು ಕೈ ಹಾಕಿದರೆ ಮುಗಿಯಿತು.

ಬಣ್ಣದಲ್ಲೂ ಇಂಥದ್ದೇ ಕಥೆ. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಮೂರು ಫೇಸು, ಕಪ್ಪು ನ್ಯೂಟ್ರಲ್. ಇಲ್ಲೂ ಮೊದಲು ಹಾಗೇ ಇತ್ತು. 2004ರಲ್ಲಿ ಬದಲಾಯಿತು, 2006ರಿಂದ ಹೊಸ ಕೆಲಸಕ್ಕೆಲ್ಲ ಹೊಸ ಬಣ್ಣವೇ ಆಗಬೇಕು. ಈಗ ಕಂದು, ಕಪ್ಪು, ಬೂದು ಫೇಸು, ನೀಲಿ ನ್ಯೂಟ್ರಲ್. ನಮ್ಮ ಕಟ್ಟಡದಲ್ಲಿ ಎರಡೂ ಇವೆ. ‘ಕಪ್ಪು ವೈರ್ ಮುಟ್ಟಬಹುದು’ ಅನ್ನುವ ಮಾತನ್ನು ನಾನು ಯಾರ ಬಾಯಲ್ಲೂ ಕೇಳಲಾರೆ.

ಪದಕ್ಕೆ ಬರುತ್ತೇನೆ. ಶಾಲೆಯ ಪುಸ್ತಕದಲ್ಲಿ ವಿದ್ಯುತ್ ಪ್ರವಾಹ, ವಿಭವಾಂತರ ಅಂತ ಚೊಕ್ಕ ಪದಗಳಿವೆ. ಪರೀಕ್ಷೆ ಬರೆದಾದ ಮೇಲೆ ಅವನ್ನು ಬಾಯಲ್ಲಿ ಆಡಿದವರನ್ನು ನಾನು ಕಂಡಿಲ್ಲ. ‘ವಿಭವಾಂತರ ಇದೆಯೇನೋ ನೋಡು’ ಅಂತ ನೆಲಮಾಳಿಗೆಗೆ ಕೂಗಿದರೆ ಹುಡುಗ ಫೋನಿಡುತ್ತಾನೆ. ಬೋರ್‌ವೆಲ್ ಇರುವ ರೈತರ ಮಾತೇ ಇದಕ್ಕಿಂತ ವಾಸಿ. ‘ವೋಲ್ಟೇಜ್ ಕಮ್ಮಿ, ಮೋಟರ್ ಎತ್ತುತ್ತಿಲ್ಲ’ ಅನ್ನುತ್ತಾರೆ. ನೀರು ಬತ್ತಿದರೆ ಬೋರ್ಡಿನ ಮುಳ್ಳು ನೋಡಿ ‘ಆಂಪ್ಸ್ ಇಳೀತು’ ಅನ್ನುತ್ತಾರೆ. ಎರಡು ಮೀಟರು ಕಣ್ಣೆದುರೇ ಇರುವುದರಿಂದ ಎರಡು ಪದ ಬಂದಿವೆಯೋ ಏನೋ. ಆದರೆ ಅವರೂ ಲೈನ್ ಹೋದಾಗ ‘ಕರೆಂಟ್ ಹೋಯ್ತು’ ಅಂತಲೇ ಅನ್ನುವುದು.

ನಡುವೆ ಇನ್ನೊಂದು. ಹುಡುಗ ‘ಪಂಪ್ ತಿರಗವಲ್ದ್ರಿ’ ಅನ್ನುತ್ತಾನೆ. ತಿರುಗಲು ಒಲ್ಲದು, ಅಂದರೆ ಗುಂಯ್ ಅನ್ನುತ್ತಿದೆ, ತಿರುಗಲು ಮನಸ್ಸಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೆ. ಸದ್ದೇ ಇಲ್ಲದೆ ಬಿದ್ದಿರುವ ಮೋಟರಿಗೆ ‘ತಿರುಗುತ್ತಿಲ್ಲ’, ಗುಂಯ್ ಅನ್ನುವುದಕ್ಕೆ ‘ತಿರಗವಲ್ದು’. ರಿಪೇರಿಯವನಿಗೆ ಎಂಥ ಅನುಕೂಲದ ವ್ಯತ್ಯಾಸ! ಕೇಳಿದರೆ ಅವನು ನಕ್ಕ: ‘ಎರಡೂ ಒಂದ ರೀ ಸರ.’ ಧಾರವಾಡ, ಗದಗದ ಕಡೆಯವರು ಇದನ್ನೂ ಸ್ವಲ್ಪ ಬಿಡಿಸಿ ಹೇಳಿ.

ಸದ್ಯಕ್ಕೆ ನಾವಿಬ್ಬರು ‘ವೋಲ್ಟ್ ಎಷ್ಟಿದೆ’, ‘ಆಂಪ್ಸ್ ಎಷ್ಟು ಎಳೀತಿದೆ’ ಅಂತ ಮಾತಾಡುತ್ತೇವೆ. ಆಫ್ ಮಾಡಿ, ಬೀಗ ಹಾಕಿ, ಕೀಲಿ ಜೇಬಿಗಿಟ್ಟು, ಮೀಟರ್ ಸರಿಯಿದೆಯೇ ಅಂತ ಇನ್ನೊಂದು ಲೈನಿನಲ್ಲಿ ನೋಡಿಕೊಂಡು, ಆಮೇಲೆ ವೈರನ್ನು ಅಳೆದು ಹೇಳುವ ಆ ಒಂದು ಮಾತಿಗೆ ಮಾತ್ರ ಪದ ಸಿಕ್ಕಿಲ್ಲ. ಇಲ್ಲಿನವರು ವೈರ್ ‘ಡೆಡ್’ ಅನ್ನುತ್ತಾರೆ. ಕನ್ನಡದಲ್ಲಿ ‘ಸತ್ತಿದೆ’ ಅನ್ನೋಣವೇ ಅಂದೆ. ‘ಬ್ಯಾಡ್ರಿ ಸರ, ಈ ಕೆಲಸದಾಗ ಆ ಮಾತ್ ಬ್ಯಾಡ’ ಅಂದ.

ನಮ್ಮ ಲೈನ್‌ಮನ್‌ಗಳು ಎಲ್‌ಸಿ (ಲೈನ್ ಕ್ಲಿಯರ್) ತಗೊಂಡು ಕಂಬ ಹತ್ತುವುದು ಗೊತ್ತು. ಆದರೆ ಎಲ್‌ಸಿ ಅಂದರೆ ಅನುಮತಿ, ತಂತಿಯ ಸ್ಥಿತಿ ಅಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಈ ಕೆಲಸದವರಿದ್ದರೆ ಕೇಳಿ ತಿಳಿಸಿ: ತಂತಿ ಮುಟ್ಟುವ ಮುಂಚೆ ಒಬ್ಬರು ಇನ್ನೊಬ್ಬರಿಗೆ ಕೂಗಿ ಹೇಳುವ ಪದ ಯಾವುದು?