ಇಸಬೆಲ್ಲಾಗಿಂತ ಮುಂಚೆ ಆಳಿದ ಉರ್ರಾಕಾ: ಅಷ್ಟು ಕೆಟ್ಟ ರಾಣಿಯಾ?

ಸುಮ್ನೆ_ಕೇಳ್ದೆ:
ಸ್ಪೇನ್ ರಾಣಿ ಅಂದ ಕೂಡಲೇ ಎಲ್ಲರೂ ಇಸಬೆಲ್ಲಾ ಹೆಸರು ಹೇಳ್ತಾರೆ. ಆಕೆ ಪಟ್ಟಕ್ಕೆ ಬಂದದ್ದು 1474ರಲ್ಲಿ. ಅದಕ್ಕೂ 365 ವರ್ಷ ಮುಂಚೆ, 1109ರಲ್ಲೇ, ಲಿಯೋನ್ ಮತ್ತು ಕ್ಯಾಸ್ಟೀಲ್ ರಾಜ್ಯಕ್ಕೆ ಉರ್ರಾಕಾ ರಾಣಿಯಾಗಿದ್ದಳು, ಸಾಯುವ ತನಕ 17 ವರ್ಷ ಆಳಿದಳು. ಆದರೆ ಓದಿದ ಕಡೆಯೆಲ್ಲ ಚಂಚಲೆ, ಜಗಳಗಂಟಿ ಅಂತ ಬೈಗುಳವೇ. ನನ್ನ ಪ್ರಶ್ನೆ ಎರಡು. ಸಿಂಹಾಸನ ಕೈಯಲ್ಲಿದ್ದವಳು ಪಕ್ಕದ ಅರಗಾನ್ ರಾಜನನ್ನು ಯಾಕೆ ಮದುವೆಯಾದಳು? ಮತ್ತೆ ಸಾಂತಿಯಾಗೋ ಊರಿನವರು ತಮ್ಮ ರಾಣಿಗೇ ಕಲ್ಲು ಹೊಡೆದರು ಅಂತಾರಲ್ಲ, ಅದು ನಿಜವಾ?

ಹಳೇಕೋಟೆ:
ಮೊದಲು ಮದುವೆ ವಿಷಯ. ಅದನ್ನು ಆಕೆಯ ತಲೆಗೆ ಕಟ್ಟೋದು ಸರಿಯಲ್ಲ. ಅಪ್ಪ ಆರನೇ ಅಲ್ಫೋನ್ಸೋ, 1085ರಲ್ಲಿ ಟೊಲೆಡೊ ಗೆದ್ದವನು. ಒಂದಾದ ಮೇಲೊಂದು ಮದುವೆ ಮಾಡಿಕೊಂಡರೂ ಅವನಿಗಿದ್ದದ್ದು ಒಬ್ಬನೇ ಗಂಡುಮಗ, ಸಾಂಚೋ. ಆ ಹುಡುಗ ಇನ್ನೂ ಮೀಸೆ ಮೂಡುವ ಮುಂಚೆಯೇ 1108ರಲ್ಲಿ ಉಕ್ಲೇಸ್ ಯುದ್ಧದಲ್ಲಿ ಅಲ್ಮೊರಾವಿದ್ (ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಂ ರಾಜವಂಶ) ಸೈನ್ಯಕ್ಕೆ ಬಲಿಯಾದ. ಅದರ ಹಿಂದಿನ ವರ್ಷವೇ ಉರ್ರಾಕಾಳ ಗಂಡ, ಬರ್ಗಂಡಿಯ ರೇಮಂಡ್, ತೀರಿಕೊಂಡಿದ್ದ. ಅಂದರೆ ರಾಜ್ಯಕ್ಕೆ ಉಳಿದವಳು ಸುಮಾರು ಮೂವತ್ತರ ವಿಧವೆ, ಕಂಕುಳಲ್ಲಿ ಎರಡು ಮಕ್ಕಳು, ದಕ್ಷಿಣದ ಗಡಿಯಲ್ಲಿ ಯುದ್ಧ. ಸೈನ್ಯ ನಡೆಸೋಕೆ ಒಬ್ಬ ಗಂಡು ಬೇಕೇ ಬೇಕು ಅಂತ ಹಟ ಹಿಡಿದವರು ದರಬಾರಿನವರು. ಒಳಗಿನ ಒಬ್ಬ ಕೌಂಟ್‌ಗೆ (ಸೀಮೆ ಆಳುವ ಸರದಾರ) ಕೊಟ್ಟರೆ ಮಿಕ್ಕವರು ಉರಿದು ಬೀಳ್ತಾರೆ. ಹಾಗಾಗಿ ಹೊರಗಿನ ಗಂಡು, ಅರಗಾನ್‌ನ ಒಂದನೇ ಅಲ್ಫೋನ್ಸೋ. 'ಕಾದಾಡುವವನು' ಅಂತಲೇ ಬಿರುದು. ಯುದ್ಧಭೂಮಿಯಲ್ಲಿ ಗಟ್ಟಿ ಆಸಾಮಿ, 1118ರಲ್ಲಿ ಸರಗೋಸಾ ಗೆದ್ದವನು ಇವನೇ. ಮನೆಯಲ್ಲಿ ಮಾತ್ರ ಕೇಳಬೇಡಿ. ಕೈಯಿಂದ ಹೊಡೀತಿದ್ದ, ಕಾಲಿಂದ ಒದೀತಿದ್ದ ಅಂತ ರಾಣಿ ತಾನೇ ದೂರಿದಳು ಅಂತ ಆ ಕಾಲದ 'ಹಿಸ್ಟೋರಿಯಾ ಕಂಪೋಸ್ಟೆಲಾನಾ' ಅನ್ನೋ ಚರಿತ್ರೆ ಪುಸ್ತಕದಲ್ಲಿದೆ.

ಇನ್ನೊಂದು ತೊಡಕು. ಗಂಡ ಹೆಂಡತಿ ಇಬ್ಬರೂ ನವಾರದ ಮೂರನೇ ಸಾಂಚೋನ ಮರಿಮಕ್ಕಳು. ಚರ್ಚ್ ಲೆಕ್ಕದಲ್ಲಿ ಇಂಥ ಹತ್ತಿರದ ಸಂಬಂಧ ನಿಷಿದ್ಧ. ಟೊಲೆಡೊದ ಆರ್ಚ್‌ಬಿಷಪ್ ಬರ್ನಾರ್ಡ್ ವಿರೋಧಿಸಿದ, ಪೋಪ್ ಕೂಡ ಒಪ್ಪಲಿಲ್ಲ. ಮಕ್ಕಳೂ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ಗಂಡ ಹೆಂಡತಿಯೇ ಸೈನ್ಯ ಕಟ್ಟಿಕೊಂಡು ಎದುರುಬದುರು ನಿಂತರು. ಕಾಂಡೆಸ್ಪಿನಾ ಯುದ್ಧದಲ್ಲಿ ಆಕೆಯ ಕಡೆಯ ಕೌಂಟ್ ಗೋಮೆಸ್ ಗೊನ್ಸಾಲೆಸ್ ಸತ್ತ. ಆದರೂ ಆಕೆ ಸೋತು ಗಂಡನ ಮನೆ ಸೇರಲಿಲ್ಲ ನೋಡಿ.

ಗಲೀಷಿಯಾ_ಹುಚ್ಚು:
ಇದಕ್ಕೆ ಮಗನ ಕಥೆ ಸೇರಿಸದಿದ್ದರೆ ಅರ್ಧವೇ ಆಯ್ತು. ಮೊದಲ ಗಂಡನಿಂದ ಹುಟ್ಟಿದ ಅಲ್ಫೋನ್ಸೋ ರೈಮುಂಡೆಸ್ ಗಲೀಷಿಯಾದಲ್ಲಿ (ರಾಜ್ಯದ ವಾಯವ್ಯ ಮೂಲೆ, ಸಾಂತಿಯಾಗೋ ಇರೋದು ಅಲ್ಲೇ) ತ್ರಾಬಾದ ಕೌಂಟ್ ಪೆದ್ರೋ ಫ್ರೊಯಿಲಾಸ್ ಹತ್ತಿರ ಬೆಳೀತಿದ್ದ. ತಾಯಿ ಇನ್ನೊಂದು ಮದುವೆಯಾದಳು, ಅಲ್ಲಿ ಗಂಡು ಹುಟ್ಟಿದರೆ ನಮ್ಮ ಹುಡುಗನ ಗತಿ ಏನು? ಈ ಭಯದಿಂದ 1111ರಲ್ಲಿ ಸಾಂತಿಯಾಗೋದ ಬಿಷಪ್ ದಿಯೆಗೋ ಖೆಲ್‌ಮೀರೆಸ್ ಆ ಪುಟ್ಟ ಹುಡುಗನಿಗೆ ಕಿರೀಟ ಇಟ್ಟೇಬಿಟ್ಟ. ಹಾಗಾಗಿ ಆಕೆ ಒಮ್ಮೆ ಗಂಡನ ಜೊತೆ ರಾಜಿ, ಒಮ್ಮೆ ಮಗನ ಕಡೆಯವರ ಜೊತೆ ರಾಜಿ, ಒಮ್ಮೆ ಬಿಷಪ್ ಜೊತೆ ಒಪ್ಪಂದ, ಇನ್ನೊಮ್ಮೆ ಅವನ ಮೇಲೇ ದಂಡಯಾತ್ರೆ. ಚಂಚಲೆ ಅಂದದ್ದು ಇದಕ್ಕೇ. ಇದೇ ಆಟ ಒಬ್ಬ ರಾಜ ಆಡಿದ್ದರೆ ಚಾಣಾಕ್ಷ ಅಂತ ಹೊಗಳ್ತಿದ್ದರು, ಅಲ್ವಾ?

ಈಗ ಕಲ್ಲಿನ ವಿಷಯ. 1117ರ ಹೊತ್ತಿಗೆ ಸಾಂತಿಯಾಗೋ ಊರಿನವರು ಬಿಷಪ್‌ನ ಯಜಮಾನಿಕೆ ಸಾಕಾಗಿ ದಂಗೆ ಎದ್ದಿದ್ದರು. ರಾಣಿ ಊರಿಗೆ ಬಂದಾಗ ಜಗಳ ಕೈಮೀರಿತು. ಆಕೆ, ಬಿಷಪ್, ಅವರ ಜನ ಎಲ್ಲರೂ ಗಂಟೆಗೋಪುರಕ್ಕೆ ಓಡಿ ಬಾಗಿಲು ಹಾಕಿಕೊಂಡರು. ದಂಗೆಯವರು ಕೆಳಗಿನಿಂದ ಬೆಂಕಿ ಹಚ್ಚಿದರು. ಹೊಗೆ ಮೇಲೇರುತ್ತಿದೆ, ಪಾಪನಿವೇದನೆ ಶುರುವಾಗಿದೆ. ರಾಣಿ ಹೊರಗೆ ಬರಲಿ, ಆಕೆಗೆ ಏನೂ ಮಾಡಲ್ಲ ಅಂತ ಕೆಳಗಿನವರು ಕೂಗಿದರು. ನಂಬಿ ಇಳಿದಳು. ಇಳಿದದ್ದೇ ತಡ, ಗುಂಪು ಮೈಮೇಲೆ ಬಿತ್ತು. ಬಟ್ಟೆ ಹರಿದು ಕೆಸರಲ್ಲಿ ಕೆಡವಿದರು. ಒಬ್ಬ ಮುದುಕಿ ಎಸೆದ ಕಲ್ಲು ನೇರ ಕೆನ್ನೆಗೆ ಬಡಿಯಿತು. ಬಿಷಪ್ ಮಾತ್ರ ಹಳೇ ಮೇಲುವಸ್ತ್ರ ಹೊದ್ದು, ಶಿಲುಬೆ ಅಡ್ಡ ಹಿಡಿದು, ಅದೇ ಗುಂಪಿನ ನಡುವೆ ಯಾರಿಗೂ ಗುರುತು ಸಿಗದ ಹಾಗೆ ಪಾರಾದ.

ಆಮೇಲಿನದ್ದು ನೋಡಿ. ದಂಗೆಯವರಿಗೂ ಭಯ ಹತ್ತಿತು, ರಾಣಿ ಜೊತೆ ಮಾತುಕತೆಗೆ ಕೂತರು. ಕೇಳಿದ್ದಕ್ಕೆಲ್ಲ ಹೂಂ ಅಂದಳು. ಊರಿನಿಂದ ಹೊರಗೆ ಕಾಲಿಟ್ಟ ಮೇಲೆ ಆ ಹೂಂಗೆ ಬೆಲೆ ಇರಲಿಲ್ಲ. ಮಗನ ಕಡೆಯ ಸೈನ್ಯವನ್ನೂ ಸೇರಿಸಿಕೊಂಡು ಬಂದು ಊರನ್ನೇ ಸುತ್ತುವರಿದಳು. ಶರಣಾಗದೆ ಬೇರೆ ದಾರಿ ಇರಲಿಲ್ಲ. ಮುಖಂಡರು ಗಡಿಪಾರಾದರು, ಊರಿನ ಮೇಲೆ ದೊಡ್ಡ ದಂಡ ಬಿತ್ತು. ಆದರೆ ಊರು ಸುಡಲಿಲ್ಲ.

ಸುಮ್ನೆ_ಕೇಳ್ದೆ:
ಅಬ್ಬಾ. ಆದರೆ ಇಷ್ಟು ವಿವರವಾಗಿ ಬರೆದಿಟ್ಟವರು ಯಾರು?

ಗಲೀಷಿಯಾ_ಹುಚ್ಚು:
ಅಲ್ಲೇ ಇರೋದು ಮಜಾ. ಆ 'ಹಿಸ್ಟೋರಿಯಾ ಕಂಪೋಸ್ಟೆಲಾನಾ' ಬರೆಸಿದ್ದೇ ಖೆಲ್‌ಮೀರೆಸ್! ಅವನ ಚರ್ಚಿನ ಪಾದ್ರಿಗಳೇ ಬರೆದದ್ದು. 1121ರಲ್ಲಿ ರಾಣಿ ಅವನನ್ನು ಹಿಡಿದು ಸೆರೆಗೂ ಹಾಕಿದ್ದಳು, ಒತ್ತಡ ಜಾಸ್ತಿಯಾಗಿ ಬೇಗನೇ ಬಿಡಬೇಕಾಯ್ತು. ಸೆರೆಗೆ ಹಾಕಿದವಳ ಬಗ್ಗೆ ಅವನ ಕಡೆಯವರು ಒಳ್ಳೇದು ಬರೀತಾರಾ? ಆಕೆ ನಂಬಿಸಿ ಮೋಸ ಮಾಡಿದಳು ಅನ್ನೋ ಪ್ರತಿ ಸಾಲನ್ನೂ ಇದು ನೆನಪಲ್ಲಿಟ್ಟುಕೊಂಡು ಓದಿ.

ದಕ್ಷಿಣದ_ಗಾಳಿ:
ನೀವಿಬ್ಬರೂ ಸ್ವಲ್ಪ ಜಾಸ್ತಿಯೇ ವಕಾಲತ್ತು ಮಾಡ್ತಿದ್ದೀರಿ ಅನ್ಸುತ್ತೆ. ಮಲತಂಗಿ ತೆರೇಸಾ ಪೋರ್ಚುಗಲ್ ಕಡೆ ತಾನೂ ರಾಣಿ ಅಂತ ಕರೆದುಕೊಂಡಳು. ಉರ್ರಾಕಾ 1121ರಲ್ಲಿ ಲನ್ಯೋಸೋ ಕೋಟೆಯಲ್ಲಿ ಅವಳಿಗೆ ಮುತ್ತಿಗೆ ಹಾಕಿದರೂ ಪೂರ್ತಿ ಬಗ್ಗಿಸಲು ಆಗಲಿಲ್ಲ. ಆ ತೆರೇಸಾಳ ಮಗನೇ ಮುಂದೆ ಪೋರ್ಚುಗಲ್‌ನ ಮೊದಲ ರಾಜ. ಕ್ಯಾಸ್ಟೀಲ್‌ನ ಎಷ್ಟೋ ಊರು ಕೋಟೆಗಳೂ ಆಕೆ ಸಾಯುವ ತನಕ ಮಾಜಿ ಗಂಡನ ಕೈಯಲ್ಲೇ ಇದ್ದವು.

ಹಳೇಕೋಟೆ:
ಪೋರ್ಚುಗಲ್ ವಿಷಯ ಒಪ್ಪಿದೆ. ಆದರೆ ಆಕೆಯ ಮಗನ ಕಾಲದಲ್ಲೂ ಅದು ವಾಪಸ್ ಬರಲಿಲ್ಲ, ಅವನನ್ನು ಯಾರೂ ಬೈಯಲ್ಲ. ನನಗೆ ಮುಖ್ಯ ಅನಿಸೋದು ಬೇರೆ. ಒಂದನೇ ಮದುವೆಯಲ್ಲಿ ಪೆಟ್ಟು ತಿಂದ ಪಾಠ ಅಂತಲೋ ಏನೋ, ಎರಡನೆಯದು ಮುರಿದ ಮೇಲೆ ಆಕೆ ಮೂರನೇ ಗಂಡನನ್ನು ಕಟ್ಟಿಕೊಳ್ಳಲೇ ಇಲ್ಲ.

ದಕ್ಷಿಣದ_ಗಾಳಿ:
ಪೆಟ್ಟು ಕೊಟ್ಟವನು ಎರಡನೆಯವನು ಸ್ವಾಮಿ, ರೇಮಂಡ್ ಅಲ್ಲ :)

ಹಳೇಕೋಟೆ:
ಹೌದೌದು, ಅರಗಾನ್‌ನವನೇ. ಕೌಂಟ್ ಪೆದ್ರೋ ಗೊನ್ಸಾಲೆಸ್ ದೆ ಲಾರಾ ಜೊತೆ ಸಂಬಂಧ ಇತ್ತು, ಮಕ್ಕಳೂ ಆದವು, ಆದರೆ ಅವನಿಗೆ ಪಟ್ಟ ಕೊಡಲಿಲ್ಲ. ಜೊತೆಗಾರನಾಗಿ ಬೇಕು, ರಾಜನಾಗಿ ಬೇಡ. ಮಗನಿಗೆ 1117ರಿಂದ ಟೊಲೆಡೊ ಕಡೆ ಅಧಿಕಾರ ಕೊಟ್ಟು ಗಲೀಷಿಯಾದವರ ಹಿಡಿತದಿಂದ ಮೆಲ್ಲಗೆ ಬಿಡಿಸಿಕೊಂಡಳು. 1126ರ ಮಾರ್ಚ್‌ನಲ್ಲಿ ಸಲ್ದಾನ್ಯಾದಲ್ಲಿ ಸತ್ತಾಗ ಆ ಮಗನೇ ಏಳನೇ ಅಲ್ಫೋನ್ಸೋ ಆಗಿ ಪಟ್ಟಕ್ಕೆ ಬಂದ. 1135ರಲ್ಲಿ ಲಿಯೋನ್‌ನಲ್ಲಿ ಚಕ್ರವರ್ತಿ ಅಂತ ಕಿರೀಟವನ್ನೂ ಇಟ್ಟುಕೊಂಡ.

ಸುಮ್ನೆ_ಕೇಳ್ದೆ:
ಲಿಯೋನ್‌ನ ಸಾನ್ ಇಸಿದೋರೋ ಚರ್ಚಿನಲ್ಲಿ ಉರ್ರಾಕಾಳ ಬಟ್ಟಲು ಅಂತ ಇಟ್ಟಿದ್ದಾರಂತೆ, ಅದು ಈಕೆಯದೇನಾ?

ಗಲೀಷಿಯಾ_ಹುಚ್ಚು:
ಅಲ್ಲ, ಅದು ಸಮೋರಾದ ಉರ್ರಾಕಾ ಕೊಟ್ಟದ್ದು. ಆಕೆ ಈಕೆಯ ಸೋದರತ್ತೆ, ಆರನೇ ಅಲ್ಫೋನ್ಸೋನ ಅಕ್ಕ. ಈ ರಾಣಿಯನ್ನು ಹೂಳಿದ್ದು ಅದೇ ಚರ್ಚಿನಲ್ಲಿ. ಆದರೆ ನೆಪೋಲಿಯನ್ ಕಾಲದಲ್ಲಿ ಫ್ರೆಂಚ್ ಸೈನಿಕರು ನುಗ್ಗಿ ಅಲ್ಲಿನ ರಾಜಸಮಾಧಿಗಳನ್ನು ಹಾಳು ಮಾಡಿದರು. ಚಾವಣಿಯ ಚಿತ್ರಗಳು ಉಳಿದಿವೆ, ಹೋದರೆ ಅವನ್ನು ತಪ್ಪದೆ ನೋಡಿ.